ಎಡಬಲ ತಿರುಗಿದ ಶಂಖಪುಷ್ಪ

ನಾಗರತ್ನಮ್ಮನವರೇ, ನಿಮ್ಮ ಶಂಖಪುಷ್ಪದ ಚಿತ್ರವನ್ನು ಎಡಬಲ ತಿರುಗಿಸಿ ಅಚ್ಚಿಗೆ ಕಳಿಸಿದವನು ನಾನು. ಪ್ರೆಸ್ಸಿನವರಲ್ಲ, ಕಂಪ್ಯೂಟರ್ ಅಲ್ಲ — ನಾನು.

ಆಗ ತುಮಕೂರಿನ ಪತ್ರಿಕೆಯೊಂದರಲ್ಲಿ ಭಾನುವಾರದ ಪುಟ ಕಟ್ಟುತ್ತಿದ್ದೆ. ಚಿತ್ರ ಪುಟದ ಒಳಗಡೆಗೆ ಮುಖ ಮಾಡಿರಬೇಕು ಎಂಬುದು ನಮ್ಮ ಕಸುಬಿನ ಅಭ್ಯಾಸ. ನಿಮ್ಮ ಹೂವು ಹೊರಗೆ ವಾಲಿತ್ತು. ಕನ್ನಡಿಯಲ್ಲಿ ಕಂಡಂತೆ ತಿರುಗಿಸಿದೆ. ಮೂಲೆಯ ಸಹಿ ಉಲ್ಟಾ ಆಯಿತು, ಅದನ್ನೂ ಕತ್ತರಿಸಿದೆ. ಅಲ್ಲಾದರೂ ಕೈ ತಡೆಯಬೇಕಿತ್ತು —

ಬಳ್ಳಿ ಕೋಲನ್ನು ಸುತ್ತುವುದಕ್ಕೆ ಒಂದು ದಿಕ್ಕಿದೆ ಎಂದು ನನಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತು. ಗುಬ್ಬಿಯಲ್ಲಿ ಮನೆಯ ಬೇಲಿಯೆದುರು ಸ್ಟೂಲ್ ಹಾಕಿಕೊಂಡು ಒಂದು ಮಳೆಗಾಲವಿಡೀ ನೋಡಿ ಬರೆದಿದ್ದಿರಿ. ಸಸ್ಯಶಾಸ್ತ್ರದ ಮೇಷ್ಟ್ರೊಬ್ಬರು ತಮ್ಮ ಪುಸ್ತಕಕ್ಕೆ ನಿಮ್ಮಿಂದಲೇ ಚಿತ್ರ ಬರೆಸುವವರಿದ್ದರು. ಪತ್ರಿಕೆಯಲ್ಲಿ ನಿಮ್ಮ ಹೆಸರಿನಡಿ ತಪ್ಪು ದಿಕ್ಕಿಗೆ ಸುತ್ತಿದ ಬಳ್ಳಿ ಕಂಡು, ಗಿಡ ನೋಡದೆ ಬರೆಯುವವರು ಬೇಡ ಎಂದುಬಿಟ್ಟರು.

ನೀವು ಆಫೀಸಿಗೆ ಬಂದಿರಿ.

“ಅಣ್ಣ, ನಾನ್ ಹಿಂಗ್ ಬರ್ದಿರ್ಲಿಲ್ಲ. ಒರಿಜಿನಲ್ ಕೊಡಿ, ಮೇಷ್ಟ್ರಿಗೆ ತೋರಿಸ್ಬಿಟ್ಟು ಬರ್ತೀನಿ.”

“ನೀವ್ ಕೊಟ್ಟಿದ್ದನ್ನೇ ಹಾಕಿದೀವಮ್ಮ. ಒರಿಜಿನಲ್ ಎಲ್ಲೋ ಮಿಸ್ ಆಗೈತೆ,” ಎಂದುಬಿಟ್ಟೆ.

ಅದು ನನ್ನ ಡ್ರಾಯರಿನಲ್ಲಿತ್ತು. ಅಷ್ಟು ವರ್ಷಗಳಲ್ಲಿ ನನ್ನ ಪುಟಕ್ಕೆ ಒಂದು ತಿದ್ದುಪಡಿಯೂ ಬಂದಿರಲಿಲ್ಲ — ಆ ಹೆಮ್ಮೆ ಉಳಿಸಿಕೊಂಡೆ.

“ಹಂಗಾದ್ರೆ ನನ್ ಕಣ್ಣೇ ಮೋಸ ಮಾಡ್ತೇನೋ, ಬುಡಿ,” ಎಂದು ನಕ್ಕು ಹೋದಿರಿ. ಆಮೇಲೆ ನೀವು ಗಿಡ ನೋಡಿ ಬರೆಯುವುದನ್ನೇ ಬಿಟ್ಟಿರಿ.

ಈಗ ಕುಣಿಗಲ್ಲಿನಲ್ಲಿ ಸೀರೆಯಂಚಿಗೆ ಹೂಬಳ್ಳಿಯ ವಿನ್ಯಾಸ ಕಲಿಸುತ್ತೀರಿ. ಕಳೆದ ತಿಂಗಳು ತುಮಕೂರಿನ ಬಟವಾಡಿಯಲ್ಲಿ ನಡೆದ ನಿಮ್ಮ ಪ್ರದರ್ಶನದಲ್ಲಿ ಶಿಷ್ಯೆಯೊಬ್ಬಳು ಕೇಳಿದಳು: “ಮಿಸ್, ಈ ಬಳ್ಳಿ ಎರಡ್ ಕಡೀಕೂ ಸುತ್ತೈತಲ್ಲ?”

“ಡಿಸೈನ್ ಕಣೇ ಇದು. ಹೆಂಗ್ ಸುತ್ತಿದ್ರೂ ಯಾರೂ ಬೈಯಲ್ಲ.”

ಪತ್ರಿಕೆಗೆ ವರದಿ ಮಾಡಲು ಬಂದಿದ್ದ ನಾನು ಮೂರು ಹೆಜ್ಜೆ ಆಚೆ ನಿಂತಿದ್ದೆ. ನೀವು ಗುರುತಿಸಲಿಲ್ಲ. ವರದಿಯಲ್ಲಿ ‘ಕಲಾವಿದೆಯ ಹೊಸ ಪ್ರಯೋಗ’ ಎಂದು ಬರೆದೆ. ಅದು ಎಲ್ಲಿಂದ ಶುರುವಾಯಿತು ಎಂದು ಬಲ್ಲವನು ನಾನೊಬ್ಬನೇ —

ಮೇಷ್ಟ್ರ ಪುಸ್ತಕ ಬೇರೆಯವರ ಚಿತ್ರಗಳೊಂದಿಗೆ ಎಂದೋ ಬಂದಾಗಿದೆ. ಅದು ಇನ್ನು ಬದಲಾಗದು. ಮೊನ್ನೆ ಮೂಲ ಚಿತ್ರವನ್ನು ಅವರ ಮುಂದಿಟ್ಟು ನಡೆದದ್ದನ್ನೆಲ್ಲ ಹೇಳಿದೆ. ಬಳ್ಳಿಯ ಸುತ್ತಿನ ಮೇಲೆ ಬೆರಳಾಡಿಸಿ ನೋಡಿದರು. “ಆಯಮ್ಮಂಗೆ ಹೇಳಿದ್ರೇನ್ರಿ?” ಎಂದರು. ಇಲ್ಲ ಎಂದೆ.

ಇದನ್ನು ಬರೆದು ಕಳಿಸಿದರಷ್ಟೇ ಸಾಲದು. ಶನಿವಾರ ಚಿತ್ರ ಹಿಡಿದು ಕುಣಿಗಲ್ಲಿಗೆ ಬರುತ್ತೇನೆ. ನಿಮ್ಮ ಶಿಷ್ಯೆಯರು ಕೂತಿರುವಾಗಲೇ ಹೇಳುತ್ತೇನೆ. ಆಮೇಲೆ ನೀವು ಏನಂದರೂ ನಿಂತು ಕೇಳಿಸಿಕೊಳ್ಳುತ್ತೇನೆ.