ನಿಂಬೆಗಿಡದ ಲೈಟ್ ಮಾವ

ಕೆಳಮನೆಯ ಬಾಡಿಗೆದಾರರನ್ನು ನಾವೆಲ್ಲ ಕರೆಯುವುದು ಲೈಟ್ ಮಾವ ಎಂದೇ. ಬಿಸಿಲು ಇಣುಕದ ಆ ಮನೆಗೆ ಬಂದ ಮೇಲೆ ಅವರು ಜೊತೆಗೆ ತಂದಿದ್ದ ಕುಂಡದ ನಿಂಬೆಗಿಡ ಎಲೆ ಉದುರಿಸತೊಡಗಿತು. ಅಂದಿನಿಂದ ಮಾವ ಅದಕ್ಕೆ ಬೆಳಕು ಕೊಡಲು ಹಲಗೆಗೆ ಎಲ್‌ಇಡಿ ಬಲ್ಬು ಜೋಡಿಸುತ್ತಲೇ ಇದ್ದರು. ಹಾಲು ತರಲು ಹೋದವರು ವೈರ್ ಹಿಡಿದು ಬರುತ್ತಿದ್ದರು. ಯಾರ ಮನೆಗೆ ಹೋದರೂ ಮೊದಲು ನೋಡುತ್ತಿದ್ದುದು ಅಲ್ಲಿನ ಬಲ್ಬನ್ನೇ. ಎದುರು ಸಿಕ್ಕವರಿಗೆಲ್ಲ ಪಾಠ: "ಬರೀ ಬಿಳಿ ಲೈಟ್ ಹಾಕಿದ್ರೆ ಗಿಡ ಕುಳ್ಳಾಗುತ್ತೆ, ಬರೀ ಹಳದಿ ಹಾಕಿದ್ರೆ ಸುಮ್ನೆ ಉದ್ದ ಬೆಳೆಯುತ್ತೆ. ಎರಡನ್ನೂ ಹದವಾಗಿ ಬೆರೆಸ್ಬೇಕು ನೋಡಿ!" ನಾವು ನಕ್ಕು ಜಾರಿಕೊಳ್ಳುತ್ತಿದ್ದೆವು. ಆ ಗಿಡ ನೆಟ್ಟವಳು ತೀರಿಕೊಂಡ ತಮ್ಮ ಮಗಳು ಎಂಬುದನ್ನು ಮಾತ್ರ ಮಾವ ಯಾರಿಗೂ ಹೇಳಿರಲಿಲ್ಲ. ನನಗೆ ಹೇಳಿದ್ದು ಅವರ ಹೆಂಡತಿ. ನಿನ್ನೆ ಅವರೇ ಒಳಗಿನಿಂದ, "ರೀ, ಚಿಗುರಿದೆ, ಬೇಗ ಬನ್ನಿ!" ಎಂದು ಕೂಗಿದರು. ಮಾವ ಓಡಿಹೋಗಿ ಚಿಗುರನ್ನು ಮುಟ್ಟಿ ನೋಡಿ, "ಅಬ್ಬಾ, ಬದುಕ್ಕೊಂಡ್ಲು ಕಣೇ" ಎಂದು ನೆಲದ ಮೇಲೇ ಕುಳಿತುಬಿಟ್ಟರು.