ಹೊಸ್ತಿಲ ಮೇಲಿನ ಸೀನು

ಮಳೆಗಾಲ ಹಿಂದಾಗುತ್ತಿದ್ದಂತೆ ನಮ್ಮ ಇಳಕಲ್ಲಿನ ಮನೆಯ ಪಕ್ಕದ ಖಾಲಿ ಜಾಗದಲ್ಲಿ ಪಾರ್ಥೇನಿಯಂ ಕಸ ಎದೆಯೆತ್ತರಕ್ಕೆ ಬೆಳೆದು ಬಿಳಿ ಹೂ ಬಿಡುತ್ತಿತ್ತು. ಅಲ್ಲಿಂದ ದೀಪಾವಳಿ ದಾಟುವವರೆಗೆ ನಮ್ಮ ಮನೆಯವರ ಮೂಗು ಅವರ ಮಾತು ಕೇಳುತ್ತಿರಲಿಲ್ಲ. ಬೆಳಿಗ್ಗೆ ಹುನಗುಂದದ ಬಸ್ಸು ಹಿಡಿಯಲು ಚೀಲ ಹೆಗಲಿಗೇರಿಸಿ ಬಾಗಿಲು ತೆಗೆದರೆ ಸಾಕು, ಹೊಸ್ತಿಲ ಮೇಲೆಯೇ ಸೀನು ಶುರು. ಕಣ್ಣು ಮೂಗೆಲ್ಲ ಒದ್ದೆಯಾಗುವವರೆಗೆ ನಿಲ್ಲುತ್ತಿರಲಿಲ್ಲ.

ಹೊರಡುವಾಗ ಸೀನಿದರೆ ಒಳಗೆ ಬಂದು ಒಂದಿಷ್ಟು ಕುಳಿತು ಹೋಗಬೇಕು ಎಂಬುದು ನಮ್ಮ ಅತ್ತೆಯ ಕಟ್ಟಪ್ಪಣೆಯಾಗಿತ್ತು. ನಮ್ಮದು ಶರಣರ ದಾರಿಯ ಮನೆ. ಶಕುನ, ಮುಹೂರ್ತ ನೋಡಬಾರದು ಎಂದು ಬಂದವರಿಗೆಲ್ಲ ಬುದ್ಧಿ ಹೇಳುವ ಅತ್ತೆ, ಸೀನಿನ ವಿಷಯ ಬಂದರೆ ಮಾತ್ರ ಜಗ್ಗುತ್ತಿರಲಿಲ್ಲ. "ಅದು ಶಕುನ ಅಲ್ಲವ್ವಾ, ನಮ್ಮ ಮನಿ ಪದ್ಧತಿ" ಎನ್ನುತ್ತಿದ್ದರು. ಅವರು ತೀರಿಕೊಂಡ ಮೇಲೂ ಮಗ ಆ ಪದ್ಧತಿ ಬಿಡಲಿಲ್ಲ. ಸೀನಿ ಸೀನಿ ಸುಸ್ತಾಗಿ ತಿರುಗಿ ಬಂದು ಪಡಸಾಲೆಯಲ್ಲಿ ಕೂಡುತ್ತಿದ್ದರು. ನಾನು ಚಹಾ ತಂದು ಎದುರಿಗೆ ಕೂಡುತ್ತಿದ್ದೆ.

"ಶರಣರ ಮನಿಯವರು ನೀವು, ಸೀನಿಗೆ ಅಂಜತೀರಲ್ರಿ?" ಎಂದು ಕಾಡಿಸುತ್ತಿದ್ದೆ.

"ಅಂಜಿಕಿ ಯಾರಿಗೈತಿ? ನಿನ್ನ ಚಹಾಕ್ಕ ಕುಂದರತೇನಿ" ಎಂದು ಮೂಗೊರೆಸಿಕೊಳ್ಳುತ್ತ ನಗುತ್ತಿದ್ದರು.

ಅವರು ಹುನಗುಂದದ ಕೋರ್ಟಿನ ಎದುರು ಟೈಪಿಂಗ್ ಅಂಗಡಿ ಇಟ್ಟಿದ್ದರು, ನಾನು ಊರಲ್ಲೇ ಪ್ರಾಥಮಿಕ ಶಾಲೆಯ ಶಿಕ್ಷಕಿ. ಸಂಜೆ ಮನೆಗೆ ಬಂದರೆ ಇಬ್ಬರಿಗೂ ಮಾತು ಬೇಡವಾಗಿರುತ್ತಿತ್ತು. ಆದರೆ ಆ ಚಹಾದ ಹೊತ್ತಿನಲ್ಲಿ ಅವರು ಬೇರೆಯೇ ಮನುಷ್ಯ. ಅವ್ವ ತಮ್ಮನ್ನು ಹೊಡೆದದ್ದು, ನನ್ನನ್ನು ನೋಡಲು ಬಂದ ದಿನ ಉಪ್ಪಿಟ್ಟಿನಲ್ಲಿ ಉಪ್ಪಿಲ್ಲದಿದ್ದರೂ ಸುಮ್ಮನೆ ತಿಂದದ್ದು, ಎಲ್ಲ ಅಲ್ಲೇ ಹೊರಗೆ ಬಂತು. ಮದುವೆಯಾಗಿ ಇಷ್ಟು ವರ್ಷದ ಮೇಲೆ ಗಂಡನ ಪರಿಚಯವಾಗುತ್ತಿತ್ತು ನನಗೆ. ಕಸ ಹೂ ಬಿಡುವುದನ್ನು ಕಾಯುವ ಹೆಂಗಸು ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇದ್ದಿರಬೇಕು.

ಹಾಗೆಂದು ಅವರ ಪಾಡು ನೋಡಿ ಸುಮ್ಮನಿರಲೂ ಆಗುತ್ತಿರಲಿಲ್ಲ. ರಾತ್ರಿ ಮೂಗು ಕಟ್ಟಿ ಬಾಯಲ್ಲಿ ಉಸಿರಾಡುತ್ತಿದ್ದರು. ಔಷಧದ ಅಂಗಡಿಯಿಂದ ತಂದ ನೆಗಡಿ ಗುಳಿಗೆ ನುಂಗಿದರೆ ಹಗಲೆಲ್ಲ ತೂಕಡಿಕೆ. ಒಮ್ಮೆ ಆ ಅಮಲಿನಲ್ಲಿ ವಾದಿಯನ್ನು ಪ್ರತಿವಾದಿ ಮಾಡಿ ಟೈಪಿಸಿ ವಕೀಲರಿಂದ ಬೈಸಿಕೊಂಡು ಬಂದರು. ಮರುದಿನವೇ ಅವರನ್ನು ಬಾಗಲಕೋಟೆಗೆ ಕರೆದುಕೊಂಡು ಹೋದೆ.

ವಿದ್ಯಾಗಿರಿಯ ದವಾಖಾನೆಯ ಮೂಗಿನ ಡಾಕ್ಟರು ಬೆಳಕು ಬಿಟ್ಟು ನೋಡಿ, "ಇದು ನೆಗಡಿ ಅಲ್ರಿ, ಅಲರ್ಜಿ. ಹೂವಿನ ಪುಡಿ ಗಾಳ್ಯಾಗ ಬರತೈತಿ. ಅದಕ್ಕ ಬಾಗಿಲಾ ತಗದ ಕೂಡ್ಲೆ ಸೀನು" ಎಂದರು. ಮೂಗಿಗೆ ಹೊಡೆದುಕೊಳ್ಳುವ ಸ್ಪ್ರೇ ಬರೆದುಕೊಟ್ಟು, ನನ್ನ ಕಡೆ ತಿರುಗಿ, "ಅಕ್ಕಾರ, ಒಂದು ದಿನಕ್ಕ ಗುಣ ಕಾಣೂದಿಲ್ಲ. ಹೂ ಬಿಡೂಕಿಂತ ಮೊದಲ ಚಾಲೂ ಮಾಡಿ ದಿನಾ ಹಾಕಬೇಕು. ಇವರು ಮರೀತಾರ, ನೀವ ನೋಡ್ಕೋರಿ" ಎಂದರು.

ಶಿಕ್ಷಕಿಗೆ ಇಷ್ಟು ಹೇಳಿದರೆ ಸಾಕಲ್ಲ. ತಲೆ ತುಸು ಬಗ್ಗಿಸಿ, ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ ಹೊಡೆದುಕೊಳ್ಳುವುದನ್ನು ಕಲಿಸಿದೆ. ಜೋರಾಗಿ ಮೇಲಕ್ಕೆಳೆದುಕೊಂಡರೆ ಗದರಿದೆ. ಕುದಿಸಿ ಆರಿಸಿದ ಉಪ್ಪುನೀರಿನಿಂದ ಮೂಗು ತೊಳೆಸಿದೆ. ಹೊರಗಿನಿಂದ ಬಂದೊಡನೆ ತಲೆಸ್ನಾನ, ಬೆಳಿಗ್ಗೆ ಕಿಟಕಿ ಬಂದ್, ಅರಿವೆ ಒಣಹಾಕುವುದು ಒಳಗೇ. "ಮನಿ ಅನ್ನೂದು ಸಾಲಿ ಆತಲ್ಲ" ಎಂದು ಗೊಣಗಿದರೂ ಎಲ್ಲ ಮಾಡಿದರು.

ಮರುವರ್ಷ ಕಸ ಎಂದಿನಂತೆ ಹೂ ಬಿಟ್ಟಿತು. ಇವರು ಬಾಗಿಲು ತೆಗೆದರು, ಹೊಸ್ತಿಲು ದಾಟಿದರು, ಹೋದರು. ನಾನು ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದೆ. ರಾತ್ರಿ ನಿದ್ದೆ ಮಾಡುವ ಗಂಡನನ್ನು ನೋಡಿ ಹೊಟ್ಟೆ ತಣ್ಣಗಾಯಿತು. ಚಹಾ ಇಲ್ಲವಾಯಿತೆಂಬುದು ತಿಳಿಯಲು ನನಗೆ ಕೆಲವು ದಿನ ಬೇಕಾದವು. ಒಮ್ಮೆ ತಡೆಯಲಾರದೆ, "ಸೀನದಿದ್ರೇನಾತು, ಒಂದೀಟು ಕುಂದರ್ರಿ" ಎಂದೆ.

"ಬಸ್ ತಪ್ಪತೈತಿ. ಆದಿತ್ಯವಾರ ಕುಂದರತೇನಿ ತಗೋ" ಎಂದು ಚಪ್ಪಲಿ ಮೆಟ್ಟಿದರು. ಆದಿತ್ಯವಾರ ಬಂದರೆ ಊರಿನ ಕೆಲಸವೆಲ್ಲ ಅವರ ತಲೆಯ ಮೇಲೇ ಬೀಳುತ್ತಿತ್ತು.

ದಸರೆ ಮುಗಿದ ವಾರ, ಒಂದು ಬೆಳಿಗ್ಗೆ ಹೀಗೆಯೇ "ಬರತೇನಿ" ಎಂದು ಹೋದರು. ಹುನಗುಂದದ ಬಸ್‌ಸ್ಟ್ಯಾಂಡಿನಲ್ಲಿ ಇಳಿದವರು ಎದೆ ಹಿಡಿದುಕೊಂಡು ಅಲ್ಲೇ ಕುಸಿದರಂತೆ. ಶಾಲೆಗೆ ಫೋನು ಬಂದು ನಾನು ದವಾಖಾನೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಒಂದಿಷ್ಟು ತಡವಾಗಿ ಹೊರಟಿದ್ದರೆ ಹೇಗಾಗುತ್ತಿತ್ತು ಎಂದು ಅಲ್ಲಿನ ಡಾಕ್ಟರನ್ನು ಕೇಳಿದೆ.

"ಎಲ್ಲಿದ್ರೂ ಆಗೂದ ಇತ್ರಿ, ಅಕ್ಕಾರ. ಹಾರ್ಟ್ ಪೂರಾ ನಿಂತಿತ್ತು" ಎಂದರು.

ಸಮಾಧಾನ ಹೇಳಲು ಬಂದವರೂ ಅದನ್ನೇ ಹೇಳಿದರು, ಎಲ್ಲಿದ್ದರೂ ಹೋಗುತ್ತಿದ್ದರು ಎಂದು. ನಾನು ಕೇಳಿದ್ದು ಅದಲ್ಲ ಎಂದು ಯಾರಿಗೂ ಬಿಡಿಸಿ ಹೇಳಲಾಗಲಿಲ್ಲ. ಸೀನಿದ್ದರೆ ಬದುಕುತ್ತಿದ್ದರು ಎಂದು ನಾನು ಇವತ್ತಿಗೂ ನಂಬುವುದಿಲ್ಲ. ಸೀನಿದ್ದರೆ ಒಳಗೆ ಬಂದು ಕೂಡುತ್ತಿದ್ದರು, ಹೋಗುವುದಿದ್ದರೆ ನನ್ನ ಎದುರಿಗೆ ಹೋಗುತ್ತಿದ್ದರು, ಅಷ್ಟೇ. ಬಸ್‌ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ಮಾರುವ ಹೆಣ್ಣುಮಗಳೊಬ್ಬಳು ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿಗೆ ನೀರು ಬಿಟ್ಟಳಂತೆ. ಪುಣ್ಯವಂತೆ. ಆಕೆಗೆ ಕೈಮುಗಿದು ಬರಬೇಕೆಂದು ಎಷ್ಟೋ ಸಲ ಹೋಗಿದ್ದೇನೆ. ದೂರದಿಂದ ನೋಡುತ್ತಲೇ ಹೊಟ್ಟೆಯುರಿದು ತಿರುಗಿ ಬಂದಿದ್ದೇನೆ. ಆ ನೀರು ನಾನು ಬಿಡಬೇಕಿತ್ತು.