ಸ್ಲ್ಯಾಬ್ ದಿನದ ಡಬ್ಬಿ

ಬೀದರಕ್ಕೆ ಬಂದ ಹೊಸತರಲ್ಲಿ ಒಂದು ಮಧ್ಯಾಹ್ನ ಕಂಪನಿಯ ಜೀಪು ಮನೆ ಮುಂದೆ ನಿಂತಿತು. ಚಾಲಕ ಬಿಸಿ ಡಬ್ಬಿಯೊಂದನ್ನು ನನ್ನ ಕೈಗಿಟ್ಟು, "ಭಾಲ್ಕಿದಾಗ ಸ್ಲ್ಯಾಬ್ ಹಾಕಿದ್ವಿರಿ" ಎಂದಷ್ಟೇ ಹೇಳಿ ಹೊರಟುಹೋದ. ಒಳಗೆ ತುಪ್ಪ ತೇಲುವ ಗೋಧಿ ಹುಗ್ಗಿ, ತಾರಸಿಗೆ ಕಾಂಕ್ರೀಟು ಸುರಿದ ದಿನ ಕೆಲಸದವರಿಗೆಲ್ಲ ಹಾಕುವ ಸಿಹಿಯೂಟ. ಕಂಪನಿಗೆ ಹೊಸದಾಗಿ ಸೇರಿದವಳಿಗೆ ಇಷ್ಟು ಉಪಚಾರವೇ ಎಂದು ಹಿಗ್ಗಿ, ಕುಳಿತು ಅಷ್ಟನ್ನೂ ತಿಂದೆ.

ಅದು ನನಗೆ ಬಂದದ್ದಲ್ಲ. ಮೈಲೂರು ಬಡಾವಣೆಯ ಈ ಮನೆಯ ಒಡತಿ ಜೈನಬ್ ಬೀಗೆ ಬಂದದ್ದು. ನಾನು ಮಹಡಿಯ ಬಾಡಿಗೆದಾರಳು. ಸಂಜೆ ಖಾಲಿ ಡಬ್ಬಿ ನೋಡಿ ಅವರು ನಕ್ಕರು.

"ಚಲೋ ಇತ್ತೇನ್ರಿ? ಎಲ್ಲೇ ಸ್ಲ್ಯಾಬ್ ಹಾಕಲಿ, ಮೊದಲ್ನೇ ಡಬ್ಬಿ ಈ ಮನಿಗೇ ಬರ್ತದ."

ನಾಚಿಕೆಯಿಂದ ಹಿಡಿಯಾದೆ.

ನಾನು ಮೈಸೂರು ಬಿಟ್ಟು ಬಂದದ್ದೇ ಈ ಕಂಪನಿಯ ಚರಿತ್ರೆ ಬರೆಯಲು. ಸೇತುವೆ, ನೀರಿನ ಟ್ಯಾಂಕು, ಕಾಲೇಜು ಕಟ್ಟುವ ಕಂಪನಿ. ಮಾಲೀಕ ವೀರಶೆಟ್ಟರು ಔರಾದದಲ್ಲಿ ಒಂದು ಶಾಲೆ ಕಟ್ಟಿ, ಕಂಪನಿಯನ್ನು ಒಬ್ಬರೇ ಶುರುಮಾಡಿದರೆಂದು ಆಫೀಸಿನಲ್ಲಿ ನನಗೆ ಹೇಳಿದ್ದರು. ಆದರೆ ಈ ಮನೆಯಲ್ಲಿ ತಿಳಿದದ್ದು ಬೇರೆ: ಆ ಶಾಲೆಯ ಕಲ್ಲಿನ ಕಮಾನು ಎತ್ತಿದವರು ಜೈನಬ್ ಬೀಯ ಗಂಡ ಖಾದರ್ ಸಾಬರು, ಕಂಪನಿಯ ಪಾಲುದಾರರು. ಶೆಟ್ಟರು ದೊಡ್ಡ ಕಾಂಟ್ರಾಕ್ಟಿಗಾಗಿ ಸಿಮೆಂಟಿನತ್ತ ತಿರುಗಿದಾಗ ಸಾಬರು ಕಲ್ಲು ಬಿಡಲಿಲ್ಲ, ಕಂಪನಿ ಬಿಟ್ಟರು. ಕಂಪನಿಯ ಬೋರ್ಡಿನಿಂದ ಅವರ ಹೆಸರು ಹೋಯಿತು. ಸಾಬರು ತೀರಿಹೋದ ಮೇಲೂ ಶೆಟ್ಟರು ಕಳಿಸುವ ಡಬ್ಬಿ ಮಾತ್ರ ನಿಲ್ಲಲಿಲ್ಲ.

ಸಾಬರ ಹೆಸರು ಬರೆಯುತ್ತೇನೆ ಎಂದೆ. ಜೈನಬ್ ಬೀ ಬೇಡವೇ ಬೇಡ ಎಂದರು.

"ಹೆಸರು ಛಾಪಿಸಿದ್ರ ಹಿಸಾಬ ಮುಗೀತಂತ ಶೆಟ್ರು ತಿಳೀತಾರ್ರಿ. ಡಬ್ಬಿ ನಿಲ್ತದ. ಕಿತಾಬ ಯಾರು ಓದ್ತಾರ? ಡಬ್ಬಿ ಬಂದ್ರ ಓಣಿಯೆಲ್ಲಾ ನೋಡ್ತದ."

ಮೈಸೂರಿನಲ್ಲಿ ನಾವು ಬೇಡ ಎನ್ನುವ ಮೊದಲು ಕಾಫಿ ಕೊಡುತ್ತೇವೆ. ಇಲ್ಲಿ ಮಾತು ನೇರ ಎದೆಗೇ ಬರುತ್ತದೆ, ಬಾಲಕ್ಕೊಂದು 'ರಿ' ಅಂಟಿಸಿಕೊಂಡು. ಜೋಳದ ರೊಟ್ಟಿ ತಟ್ಟಲು ಕಲಿತಿದ್ದೆ, ಇಂಥ ಮಾತಿಗೆ ಉತ್ತರ ಕೊಡಲು ಕಲಿತಿರಲಿಲ್ಲ. ಕೂತಲ್ಲಿ ಕೂರಲಾಗದೆ ಊರಂಚಿನ ನೌಬಾದದ ತನಕ ನಡೆದು ಬರುತ್ತಿದ್ದೆ. ಅರ್ಧ ಸತ್ಯದ ಚರಿತ್ರೆ ಬರೆಯಲು ಕೈ ಬರಲಿಲ್ಲ. ಕೊನೆಗೆ ಜೈನಬ್ ಬೀಗೆ ಹೇಳಿಯೇ ಸಾಬರ ಹೆಸರು ಬರೆದೆ. ಅವರು ನನ್ನೊಡನೆ ಮಾತು ಬಿಟ್ಟರು. ಶೆಟ್ಟರು ಓದಿ, ಹಾಳೆಗಳನ್ನು ತಮ್ಮಲ್ಲೇ ಇಟ್ಟುಕೊಂಡರು.

ಮನ್ನಳ್ಳಿಯಲ್ಲಿ ಸ್ಲ್ಯಾಬ್ ಹಾಕುವ ದಿನ ಬಂತು. ಜೈನಬ್ ಬೀ ಒಲೆ ಹಚ್ಚದೆ ಬಾಗಿಲಲ್ಲೇ ಕೂತರು. ಊಟದ ಹೊತ್ತು ಮೀರಿದರೂ ಜೀಪಿಲ್ಲ. ಎದುರು ಮನೆಯವರು ಎರಡು ಸಲ ಇಣುಕಿ ಹೋದರು. ಇವರ ಪಾಲಿನ ಮರ್ಯಾದೆಯನ್ನು ಕೈಯಾರೆ ಕೆಡಿಸಿದೆನಲ್ಲ ಎಂದುಕೊಂಡು ನಾನೂ ಮೆಟ್ಟಿಲ ಮೇಲೆ ಕೂತು ದಾರಿ ಕಾದೆ.

ಬಿಸಿಲು ಇಳಿದ ಮೇಲೆ ಜೀಪು ಬಂತು. ಡಬ್ಬಿ ಹಿಡಿದು ಇಳಿದವರು ವೀರಶೆಟ್ಟರೇ. ಪಾಲು ಒಡೆದಂದಿನಿಂದ ಅವರು ಆ ಹೊಸ್ತಿಲು ತುಳಿದಿರಲಿಲ್ಲ.

"ತಡ ಆಯ್ತು ಭಾಬಿ," ಎಂದರು. ಭಾಬಿ ಎಂದರೆ ಅತ್ತಿಗೆ. "ಓಣಿ ತನಕ ಬಂದು ಹೊಳ್ಳಿ ಹೋಗಿದ್ದೆ."

"ಹುಗ್ಗಿ ತಣ್ಣಗಾಗ್ಯಾದ," ಎಂದರು ಜೈನಬ್ ಬೀ. "ಒಳಗ ಬರ್ರಿ, ಬಿಸಿ ಮಾಡ್ತೇನಿ."

ಮೂರು ತಾಟು ಹಾಕಿದರು. ಶೆಟ್ಟರು ತಲೆ ಎತ್ತದೆ ಉಂಡು, ಏಳುವಾಗ ನನಗೆ, "ಸಾಬರ ಹೆಸರು ಮೊದಲು ಹಾಕ್ರಿ. ನಂದು ಆಮ್ಯಾಲ," ಎಂದರು.

ಸಂಜೆ ಮೈಸೂರಿನಿಂದ ಅಕ್ಕ ಫೋನು ಮಾಡಿದಳು. ಪುಸ್ತಕ ಮುಗಿಯಿತಲ್ಲ, ಇನ್ನು ಯಾವಾಗ ಬರುತ್ತೀ, ಊಟವಾದರೂ ಮಾಡಿದೆಯಾ ಎಂದು ವಿಚಾರಿಸಿದಳು.

"ಈಗಷ್ಟೇ ಮನೆಯವರ ಜೊತೆ ಉಂಡೆ," ಎಂದೆ.

"ಯಾವ ಮನೆಯವರು?" ಎಂದಳು ಅಕ್ಕ.

ಕೆಳಗೆ ಜೈನಬ್ ಬೀ ಡಬ್ಬಿ ತೊಳೆಯುವ ಸದ್ದು ಕೇಳುತ್ತಿತ್ತು. "ಈ ಮನೆಯವರು," ಎಂದು ಹೇಳಿ ಡಬ್ಬಿ ಒರೆಸಲು ಮೆಟ್ಟಿಲಿಳಿದೆ.